ಮಂಜುಗಡ್ಡೆಯ ಮೇಲೆ ಕರಡಿ ವೇಷ

ಐಸ್ ಸ್ಕೇಟಿಂಗ್ ನನ್ನ ಹವ್ಯಾಸವಲ್ಲ, ಹೊಟ್ಟೆಪಾಡು ಎಂದರೆ ದೇವನಹಳ್ಳಿಯ ಕಡೆ ಈಗಲೂ ನಗುತ್ತಾರೆ. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.

ಆವತಿಯ ಹತ್ತಿರದ ನಮ್ಮೂರಿನ ಹೊಸ ಲೇಔಟ್‌ನಲ್ಲಿ ಡಾಂಬರು ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಚಕ್ರದ ಸ್ಕೇಟ್ ಕಟ್ಟಿಕೊಂಡು ನಾನು ಕಲಿತದ್ದು ಅಲ್ಲಿ. ಆಮೇಲೆ ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತಿದ್ದ ಅಪ್ಪ ನನ್ನನ್ನು ಬೆಂಗಳೂರಿನ ಮಾಲೊಂದರ ಮಂಜುಗಡ್ಡೆಯ ಅಂಗಳಕ್ಕೆ, ಐಸ್ ರಿಂಕ್‌ಗೆ ಬಿಡತೊಡಗಿದರು. ಬಿದ್ದು ಬಿದ್ದು ಸೊಂಟ, ಮೊಣಕೈ ಕಪ್ಪುಗಟ್ಟಿದವು. ಗಾಳಿಯಲ್ಲಿ ಒಂದು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯುವುದು ಕೊನೆಗೂ ಒಲಿಯಿತು.

ಹೆದ್ದಾರಿ ಪಕ್ಕದ ರೆಸಾರ್ಟೊಂದು ಐಸ್ ಶೋ ಶುರು ಮಾಡಿದಾಗ ಸಂಬಳಕ್ಕೆ ಸೇರಿದ ಮೊದಲ ಹೆಣ್ಣು ಸ್ಕೇಟರ್ ನಾನು. ಹಿಮರಾಣಿಯ ಪಾತ್ರ ನನ್ನದಾಗಿತ್ತು. ಅಮ್ಮ ನೀಲಿ ಉಡುಪಿಗೆ ಒಂದೊಂದೇ ಮಣಿ ಹೊಲಿದರು. ಶೋ ಹತ್ತಿರ ಬಂದಾಗ ಮ್ಯಾನೇಜರ್ ಕರೆದರು.

"ಹಿಮರಾಣಿ ಅಂದ್ರೆ ಬೆಳ್ಳಗಿರ್ಬೇಕಲ್ವಾ ಮೇಡಂ? ತಪ್ಪು ತಿಳ್ಕೋಬೇಡಿ. ನೀವು ಕರಡಿ ಮಾಡಿ. ಜಂಪ್ ಎಲ್ಲಾ ನಿಮ್ಮದೇ."

ನನ್ನ ಉಡುಪು ಒಬ್ಬ ಮಾಡೆಲ್‌ಗೆ ಹೋಯಿತು. ಆಕೆಗೆ ಐಸ್ ಮೇಲೆ ನಿಲ್ಲಲೂ ಬರುತ್ತಿರಲಿಲ್ಲ. ಜಾರುವ ಸಿಂಹಾಸನದಲ್ಲಿ ಕೂರಿಸಿ ತಳ್ಳುತ್ತಿದ್ದರು. ಸಂಬಳ ಕೊಟ್ಟು ನನ್ನಿಂದ ಸ್ಕೇಟ್ ಮಾಡಿಸುವವರು ಬೇರೆ ಯಾರೂ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಆ ರೋಮದ ಚೀಲದೊಳಗೆ ಹೊಕ್ಕೆ. ಉಸಿರು ಕಟ್ಟುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು.

ಸೋದರಮಾವನಿಗೆ ಮಾತ್ರ ಖುಷಿಯೋ ಖುಷಿ. "ಇದೇ ವಾಸಿ ಬಿಡಮ್ಮ. ಮುಖ ಕಾಣಲ್ಲ, ಮೈ ಕಾಣಲ್ಲ. ನಾಳೆ ಗಂಡಿನ ಕಡೆಯೋರ್ಗೆ ಏನೂ ಗೊತ್ತಾಗಲ್ಲ," ಎಂದ. ನಾನು ಊಟದ ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ಒಂದು ಭಾನುವಾರ ಅಪ್ಪ ಅಮ್ಮ ಶೋ ನೋಡಲು ಬಂದರು. ಶೋದಲ್ಲಿ ಇನ್ನೊಂದು ಕರಡಿಯೂ ಇತ್ತು. ಜನರನ್ನು ನಗಿಸಲು ಬೇಕೆಂದೇ ಬೀಳುತ್ತಿತ್ತು. ಹೊರಗೆ ಬಂದಾಗ ಅಮ್ಮ ಮೆಲ್ಲಗೆ ಕೇಳಿದರು, "ಎರಡು ಕರಡಿ ಇದ್ವಲ್ಲ ಕಣೆ, ನೀನು ಯಾವ್ದು?"

ಅಮ್ಮನ ಮೇಲೆ ಕೋಪ ಬರಲಿಲ್ಲ, ಉಳಿದ ಎಲ್ಲರ ಮೇಲೂ ಬಂತು.

ಮುಂದಿನ ಶೋದಲ್ಲಿ ರಿಂಕ್‌ನ ನಡುವೆ ನಿಂತು ಕರಡಿಯ ತಲೆ ಕಿತ್ತು ಎಸೆದೆ. ಅದು ಉರುಳಿ ಹೋಗಿ ಸಿಂಹಾಸನಕ್ಕೆ ಬಡಿಯಿತು. ಕೂದಲು ಮುಖಕ್ಕೆ ಅಂಟಿತ್ತು. ಹಾಗೆಯೇ ವೇಗ ಹಿಡಿದು ಹಾರಿದೆ, ಇಳಿದೆ, ಮತ್ತೆ ಹಾರಿದೆ. ಜನ ಚಪ್ಪಾಳೆ ತಟ್ಟಿದರು.

"ಮಕ್ಕಳು ಹೆದರ್ಕೊಂಡ್ರು! ನಾಳೆಯಿಂದ ಬರ್ಬೇಡಿ," ಎಂದು ಮ್ಯಾನೇಜರ್ ಕೂಗಾಡಿದರು.

"ನಾಳೆ ಯಾಕೆ? ಈಗ್ಲೇ ಹೋಗ್ತೀನಿ. ಜಂಪ್ ಮಾಡೋಕೆ ಆ ಸಿಂಹಾಸನಕ್ಕೇ ಹೇಳಿ."

ಹಲವು ತಿಂಗಳು ಕೆಲಸವಿಲ್ಲದೆ ಕೂತೆ. ಮಾವ ಆಡಿಕೊಂಡ. ಕೊನೆಗೆ ಊರೂರು ಸುತ್ತುವ ಐಸ್ ಸ್ಕೇಟಿಂಗ್ ತಂಡವೊಂದು ಕರೆಯಿತು. ಈಗ ನನ್ನದೇ ಮುಖ ಇಟ್ಟುಕೊಂಡು ಸ್ಕೇಟ್ ಮಾಡುತ್ತೇನೆ. ಮೊನ್ನೆ ಮದುವೆ ಕಾರ್ಯಕ್ರಮ ನಡೆಸಿಕೊಡುವವರೊಬ್ಬರು ಫೋನ್ ಮಾಡಿ, ನಿಮ್ಮ ತಂಡದಲ್ಲಿ ಸ್ವಲ್ಪ ಫೇರ್ ಇರೋರು ಯಾರಾದ್ರೂ ಇದ್ದಾರಾ ಎಂದು ಕೇಳಿದರು. ನಾನು ಬೈದ ಬೈಗುಳಕ್ಕೆ ಪಕ್ಕದ ಕೋಣೆಯಿಂದ ಅಪ್ಪ ಓಡಿ ಬಂದರು.