ಬಿಗಿಯಾದ ಕ್ಲಚ್ ವೈರು

ಆಯುಷ್ಯವೆಲ್ಲ ಕರೆಂಟ್ ಕಂಬ ಹತ್ತಿ ನಿವೃತ್ತರಾದ ಲೈನ್‌ಮನ್ ಒಬ್ಬರ ಹಳೆಯ ಮೋಟಾರ್‌ಸೈಕಲ್ ಹಟ ಹಿಡಿದಿತ್ತು. ಕಿಕ್ ಹೊಡೆದರೆ ಪೆಡಲು ಸುಮ್ಮನೆ ಜಾರುತ್ತಿತ್ತು, ಎಂಜಿನ್ ತಿರುಗುತ್ತಿರಲಿಲ್ಲ. ಕಿಕ್ಕರಿನ ಹಲ್ಲು ಸವೆದಿರಬೇಕೆಂದು ಬಿಚ್ಚಿ ನೋಡಿದರು. ಹಲ್ಲು ಗಟ್ಟಿಯಾಗಿಯೇ ಇತ್ತು.

ಸ್ಕೂಲ್ ಬಸ್ ಓಡಿಸುವ ಸೊಸೆ ಕೆಲಸ ಮುಗಿಸಿ ಬಂದವಳೇ ಕ್ಲಚ್ ಹಿಡಿ ಮುಟ್ಟಿ ನೋಡಿದಳು.

"ಮಾವ, ವೈರು ಇಷ್ಟು ಬಿಗಿಯಾದ್ರೆ ಕ್ಲಚ್ ಪ್ಲೇಟು ಕಚ್ಚೋದೇ ಇಲ್ಲ. ಕಿಕ್ ಹೇಗೆ ಹಿಡಿಯುತ್ತೆ? ಯಾರು ಬಿಗಿ ಮಾಡಿದ್ದು?"

"ನಾನೇ ತಾಯಿ. ಹಿಡಿ ಪೂರ್ತಿ ಒತ್ತೋಕೆ ಕೈಯಲ್ಲಿ ಕಸುವಿಲ್ಲ, ವೈರು ಬಿಗಿ ಇದ್ರೆ ಸ್ವಲ್ಪ ಒತ್ತಿದ್ರೂ ಸಾಕು. ನಿನ್ನ ಗಂಡನಿಗೆ ಹೇಳ್ಬೇಡ, ಗಾಡಿ ಮಾರಿಬಿಡ್ತಾನೆ."

ಅವಳು ವೈರು ಸಡಿಲಿಸಿದಳು. ಎರಡನೇ ಕಿಕ್ಕಿಗೆ ಎಂಜಿನ್ ಗುಡುಗಿತು.

"ಹಿಂದೆ ಹತ್ತಿ ಮಾವ."

ದಾರಿಯುದ್ದಕ್ಕೂ ಮಾವ ಯಾವಾಗ ಗೇರು ಬದಲಿಸಬೇಕೆಂದು ಹೇಳುತ್ತಲೇ ಇದ್ದರು. ಸೊಸೆ ಹೂಂಗುಟ್ಟುತ್ತಾ ತನಗೆ ತೋಚಿದಂತೆ ಓಡಿಸಿದಳು.