ಗುಡ್ಡ ದಾಟಿದ ಮೇಲೆ ಭೂಮಿ

ಚಿನ್ನಿ, ಪುಟ್ಟ, ಇದನ್ನು ಎದುರಿಗೆ ಕೂತು ಹೇಳಬಹುದಿತ್ತು. ಆದರೆ ಅಜ್ಜನ ಮಾತು ಬಂದರೆ ಈ ಅಜ್ಜಿ ಎದ್ದು ಒಲೆಯ ಕಡೆ ಹೋಗಿಬಿಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ, ಮುಂದಿನವರಿಗೂ ತಿಳಿಯಲೆಂದು ನಿಮ್ಮ ಹೆಸರು ಹಿಡಿದೇ.

ಚಿನ್ನಿ ಕೊಪ್ಪಳದಲ್ಲಿ ಟೇಕ್ವಾಂಡೋ ಕಲಿಯುತ್ತಿದ್ದಳು. ರಜೆಗೆ ಊರಿಗೆ ಬಂದಾಗ ಅಂಗಳದಲ್ಲಿ ಪೂಮ್ಸೆ ಮಾಡುತ್ತಿದ್ದಳು. ಎದುರಾಳಿ ಇಲ್ಲದೆ ಒಬ್ಬಳೇ ಒದೆಯುವುದು, ತಡೆಯುವುದು, ತಿರುಗುವುದು. ಕಡೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು.

"ಗಾಳಿ ಕೂಡ ಯಾಕ ಜಗಳಾಡ್ತೀಯವ್ವಾ? ಅದೇನ್ ಮಾಡೇತಿ ನಿನಗ?" ಎಂದು ಅಜ್ಜ ಕಾಡಿಸಿದರು.

ಆಗ ಅವಳು ಅರ್ಥ ಹೇಳಿದಳು. ಇಂಥವು ಎಂಟಿವೆಯಂತೆ, ಕೊರಿಯಾದವರು ಒಂದೊಂದಕ್ಕೆ ಒಂದೊಂದು ಅರ್ಥ ಇಟ್ಟಿದ್ದಾರಂತೆ. ಮೊದಲನೆಯದು ಆಕಾಶ. ಆಮೇಲೆ ಕೆರೆ, ಬೆಂಕಿ, ಗುಡುಗು, ಗಾಳಿ, ನೀರು, ಗುಡ್ಡ. ಕಡೆಯದು ಭೂಮಿ, ಅಂದರೆ ತಾಯಿ.

ಅಜ್ಜ ನಗುವುದನ್ನು ಬಿಟ್ಟು ನೆಟ್ಟಗೆ ಕೂತರು. ಎಳ್ಳಮಾವಾಸ್ಯೆಗೆ ನಾವು ಹೊಲದ ಸುತ್ತ ಕಡುಬು, ಅನ್ನದ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಹೊರಟ ಬನ್ನಿಗಿಡದ ಬುಡಕ್ಕೇ ಮರಳುತ್ತೇವಲ್ಲ, ಇದೂ ಅದೇ ಎಂದರು. ಭೂಮಿಯದನ್ನು ಕಲಿತ ವರ್ಷ ಚರಗದ ದಿನ ನಮ್ಮ ಹೊಲದಲ್ಲೇ ಮಾಡಿ ತೋರಿಸಬೇಕೆಂದು ಅವಳಿಂದ ಮಾತು ತೆಗೆದುಕೊಂಡರು.

ಅವಳು ಗುಡ್ಡದ್ದನ್ನು ಕಲಿಯುವ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದಿದ್ದರು. ಭೂಮಿಯದನ್ನು ಟೇಕ್ವಾಂಡೋ ಸರ್ ಇನ್ನೂ ಕಲಿಸಿರಲಿಲ್ಲ. ಆದರೂ ಚಿನ್ನಿ ಮೊಬೈಲಿನಲ್ಲಿ ನೋಡಿ ಕಡೆಯದನ್ನು ಕಲಿತು ಬಂದು, ಈಗಲೇ ತೋರಿಸುತ್ತೇನೆಂದು ಹಾಸಿಗೆಯ ಪಕ್ಕ ನಿಂತಳು. ಅಜ್ಜ ಬೇಡವೆಂದು ತಲೆ ಅಲ್ಲಾಡಿಸಿದರು.

"ಗುಡ್ಡ ದಾಟದ, ನೆಲಕ್ಕ ಹೆಂಗ ಇಳೀತಿ? ಸಾಲು ಬಿಡಬ್ಯಾಡ. ನಾ ಕಾಯ್ತೀನಿ."

ಜೀವಮಾನವೆಲ್ಲ ಕೂರಿಗೆ ಹಿಡಿದ ಕೈ. ಬಿತ್ತುವಾಗ ಒಂದು ಸಾಲು ಸೊಟ್ಟಾದರೂ ಅಂದು ಉಣ್ಣುತ್ತಿರಲಿಲ್ಲ. ಅವತ್ತೊಂದು ದಿನ ಹೂಂ ಅಂದಿದ್ದರೆ ನೋಡಿಯೇ ಹೋಗುತ್ತಿದ್ದರು. ಸುಗ್ಗಿಗೆ ಮೊದಲೇ ತೀರಿಕೊಂಡರು.

ಮರುವರ್ಷದ ಎಳ್ಳಮಾವಾಸ್ಯೆಗೆ ನಿಮ್ಮಪ್ಪ ಚರಗ ಚೆಲ್ಲಿದ, ಪುಟ್ಟ ಹಿಂದೆ ನೀರು ಚಿಮುಕಿಸುತ್ತ ಹೋದ. ಎಲ್ಲರೂ ಬನ್ನಿಗಿಡದ ಬುಡಕ್ಕೆ ಬಂದ ಮೇಲೆ ಚಿನ್ನಿ ಸರ್ ಹತ್ತಿರವೇ ಕಲಿತ ಭೂಮಿಯ ಪೂಮ್ಸೆ ಮಾಡಿದಳು. ಎರೆಮಣ್ಣಿನಲ್ಲಿ ಪಾದ ಹೂತು, ಹೊರಟ ಜಾಗದಿಂದ ಒಂದು ಹೆಜ್ಜೆ ಆಚೆಗೆ ಬಂದು ನಿಂತಳು.

"ಅಜ್ಜಿ, ತಪ್ಪಿತು ನೋಡು. ಅಜ್ಜ ಇದ್ದಿದ್ರ ಮತ್ತೊಮ್ಮೆ ಮಾಡು ಅಂತಿದ್ದ," ಎಂದಳು.

ನಾನು ಬುತ್ತಿ ಬಿಚ್ಚಿದೆ. ಅವಳು ಹೊರಟ ಜಾಗದಲ್ಲಿ ಎರಡು ಪಾದ ಮೂಡಿದ್ದವು. ಅಜ್ಜನ ಪಾಲಿನ ಕಡುಬನ್ನು ಅವುಗಳ ನಡುವೆ ಇಟ್ಟು ಬಂದೆ.

ಈ ಹಾಳೆಗಳನ್ನು ಚಿನ್ನಿಯ ಬೆಲ್ಟಿನ ಜೊತೆ ಮಡಚಿ ಇಡಿರಿ. ಹುಳ ಹಿಡಿಯದಂತೆ ನೋಡಿಕೊಳ್ಳಿರಿ.