ಕುಜುಮಿ ಮನೆ ಮುಂದೆ

ನಮ್ಮ ಕಚೇರಿಯಲ್ಲಿ ತೊಗಾಶಿ ಯೊಶಿಯೆ ಎಂಬ ಮಹಿಳೆಗೆ ಕತ್ತರಿ ಎಂದು ಹೆಸರು. ಬೆನ್ನ ಹಿಂದೆ ಮಾತ್ರ. ಅವರಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು. ಜಪಾನಿನ ತೊಯಾಮದಲ್ಲಿ ಲಾಂಡ್ರಿಯೊಂದರ ಮಹಡಿಯ ಮೇಲೆ ನಾವು ಆರು ಜನ ಮೊಬೈಲ್ ಫೋನಿಗೆ ಆ್ಯಪ್ ಬರೆಯುತ್ತಿದ್ದೆವು. ಎರಡು ಸಾವಿರದ ಒಂದರ ಮಾತು. ಮಡಚುವ ಫೋನಿಗೆ ಇಂಟರ್ನೆಟ್ ಬಂದಿತ್ತು, ಆದರೆ ಒಂದು ಆ್ಯಪ್‌ಗೆ ಸಿಗುತ್ತಿದ್ದ ಜಾಗ ಬರೀ ಹತ್ತು ಕಿಲೋಬೈಟ್. ಈಗ ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸಲಿಕ್ಕೇ ಅದರ ಹತ್ತಾರು ಪಟ್ಟು ಬೇಕು. ನಾವು ಮನಸ್ಸಿಗೆ ಬಂದಂತೆ ಬರೆದು ಬಿಸಾಕಿದ್ದನ್ನು ಕತ್ತರಿಸಿ ಆ ಹತ್ತರೊಳಗೆ ಕೂರಿಸುವುದು ಅವರ ಕೆಲಸ.

ಅದಕ್ಕೂ ಮೊದಲು ಇಪ್ಪತ್ತು ವರ್ಷ ಅವರು ಪ್ರೆಸ್ಸಿನಲ್ಲಿ ಬಸ್ ವೇಳಾಪಟ್ಟಿಗೆ ಅಕ್ಷರ ಜೋಡಿಸಿದವರು. ಪ್ರೆಸ್ ಮುಚ್ಚಿದಾಗ ವಯಸ್ಸು ನಲವತ್ತೆರಡು. ಆಮೇಲೆ ಕಂಪ್ಯೂಟರ್ ಕಲಿತರು. ಮಧ್ಯಾಹ್ನ ಒಂದು ಅನ್ನದುಂಡೆ, ಕತ್ತಿಗೊಂದು ನೋವಿನ ಪಟ್ಟಿ, ಮತ್ತೆ ಅದೇ ಪರದೆ.

"ಸುಸ್ತಾಗಲ್ವಾ ನಿಮಗೆ?" ಎಂದು ಒಮ್ಮೆ ಕೇಳಿದೆ.

"ಆಗುತ್ತೆ ನಿಶಿಗಾಕಿ ಸಾನ್. ಆದ್ರೆ ಅದನ್ನ ಇಟ್ಕೊಳ್ಳೋಕೆ ಜಾಗ ಎಲ್ಲಿದೆ?"

ಆ ವರ್ಷದ ಕೊನೆಗೆ ಬೆಟ್ಟದ ಕಡೆಯ ಬಸ್ ಕಂಪನಿಯೊಂದು ವೇಳಾಪಟ್ಟಿಯ ಆ್ಯಪ್ ಕೇಳಿತು. ಬೆಟ್ಟದಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಹಾಗಾಗಿ ಪಟ್ಟಿಯೆಲ್ಲ ಫೋನಿನೊಳಗೇ ಇರಬೇಕು. ತೊಗಾಶಿ ಪರದೆಯಿಂದ ಬಸ್ಸಿನ ಚಿತ್ರ ತೆಗೆದುಹಾಕಿದರು, ಕೊನೆಯ ‘ಧನ್ಯವಾದ’ವನ್ನೂ ತೆಗೆದುಹಾಕಿದರು. ಆದರೂ ಐವತ್ತು ಬೈಟ್ ಹೆಚ್ಚೇ ಉಳಿಯಿತು.

"ಮೊದಲನೇ ಪರದೇಲಿ ನಮ್ಮ ಸಂಸ್ಥೆ ಹೆಸರಿನ ಸಾಲಿದೆಯಲ್ಲ ಸಾರ್, ಅದನ್ನ ತೆಗೆದ್ರೆ ಸರಿಹೋಗುತ್ತೆ," ಎಂದರು.

ಯಜಮಾನರಾದ ಕುರಾತ ಕೆರಳಿದರು. "ನಮ್ಮ ಹೆಸರನ್ನೇ ತೆಗೀತೀರಾ? ಯಾವುದಾದ್ರೂ ಸ್ಟಾಪ್ ತೆಗೀರಿ."

ಬಸ್ ಕಂಪನಿಯಿಂದ ಪ್ರಯಾಣಿಕರ ಲೆಕ್ಕ ತಂದವನು ನಾನೇ. ಆ ಕಡೆ ನಿಲ್ದಾಣಕ್ಕೆ ಎದುರಿನ ಮನೆಯ ಹೆಸರಿಡುತ್ತಾರೆ. ‘ಕುಜುಮಿ ಮನೆ ಮುಂದೆ’ ಎಂಬಲ್ಲಿ ವರ್ಷವಿಡೀ ಸೊನ್ನೆ.

"ಮನೆ ಇದೆ ಅಂದ್ರೆ ಒಬ್ಬರಾದ್ರೂ ಇರ್ತಾರೆ ಸಾರ್," ಎಂದರು ತೊಗಾಶಿ.

"ಅಲ್ಲಿ ಯಾರೂ ಹತ್ತಲ್ಲ. ತೆಗೀರಿ," ಎಂದರು ಕುರಾತ.

ತೆಗೆದರು. ಬಸ್ ಕಂಪನಿಯೂ ಒಪ್ಪಿತು.

ಫೆಬ್ರುವರಿಯಲ್ಲಿ ಒಂದು ಫೋನ್ ಬಂತು. ನಾನೇ ಎತ್ತಿದೆ.

"ನಾನು ಕುಜುಮಿ ಎಇಸಾಕು. ನೆನ್ನೆ ಬಸ್ ನನ್ನ ಬಿಟ್ಟು ಹೋಯ್ತು. ಬಸ್ ಕಂಪನೀಲಿ ಕೇಳಿದ್ರೆ, ಹೊಸ ಡ್ರೈವರು ಫೋನ್ ನೋಡ್ಕೊಂಡು ಓಡಿಸ್ತಾನೆ, ಅದ್ರಲ್ಲಿ ಆ ಸ್ಟಾಪೇ ಇಲ್ಲ ಅಂತಾರೆ. ನಿಮ್ಮ ನಂಬರ್ ಕೊಟ್ರು. ನನ್ನ ಮನೆ ಮುಂದೆ ನಾನೇ ಇಲ್ವೇನ್ರಿ?"

ಮರುದಿನ ತೊಗಾಶಿ ಸಿಹಿಯ ಪೊಟ್ಟಣ ಹಿಡಿದು ಕ್ಷಮೆ ಕೇಳಲು ಹೊರಟರು. ತಪ್ಪು ನನ್ನದೂ ಇತ್ತಲ್ಲ, ಜೊತೆಗೆ ನಾನೂ ಹೋದೆ. ಬಾಗಿಲು ತೆರೆದವರಿಗೆ ಅರವತ್ತರ ಮೇಲೆ ವಯಸ್ಸು, ಕಣ್ಣು ಕಾಣದು. ವಾರಕ್ಕೆ ಮೂರು ದಿನ ಬಿಸಿನೀರಿನ ಬುಗ್ಗೆಯ ವಸತಿಗೃಹಕ್ಕೆ ಹೋಗಿ ಅತಿಥಿಗಳ ಮೈಕೈ ಒತ್ತುವ ಕೆಲಸ. ಮೊನ್ನೆ ಬಸ್ ತಪ್ಪಿದಾಗ ಕೋಲೂರಿಕೊಂಡು ಹಿಮದಲ್ಲಿ ಮುಂದಿನ ನಿಲ್ದಾಣದವರೆಗೆ ನಡೆದಿದ್ದರು.

"ಇನ್ನೊಂದು ಸಲ ತಡ ಮಾಡಿದ್ರೆ ಬೇರೆಯವರನ್ನ ಕರೀತೀವಿ ಅಂದಿದ್ದಾರೆ," ಎಂದರು.

"ಆದ್ರೆ ಲೆಕ್ಕದಲ್ಲಿ ಸೊನ್ನೆ ಇತ್ತು," ಎಂದು ಗೊಣಗಿದೆ.

"ಬಸ್ ಬಾಗಿಲ ಹತ್ರದ ಮೆಷಿನ್‌ನಿಂದ ಚೀಟಿ ತಗೊಂಡವರನ್ನ ಎಣಿಸ್ತಾರೆ. ನನ್ನ ಹತ್ರ ಕಣ್ಣಿಲ್ಲದವರ ಪಾಸಿದೆ. ನಾನ್ಯಾಕೆ ಚೀಟಿ ತಗೊಳ್ಲಿ?"

ಹೇಗೆ ಎಣಿಸುತ್ತೀರಿ ಎಂಬ ಒಂದು ಪ್ರಶ್ನೆಯನ್ನು ಬಸ್ ಕಂಪನಿಯಲ್ಲಿ ನಾನು ಕೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ತೊಗಾಶಿ ತಪ್ಪಾಯಿತೆನ್ನುತ್ತಾ ಚಾಪೆಗೆ ಹಣೆ ತಾಗುವಂತೆ ಬಾಗಿದ್ದರು, ಏಳಲೇ ಇಲ್ಲ.

"ಏಳಮ್ಮಾ." ಕುಜುಮಿ ತಡವುತ್ತಾ ಅವರ ಹೆಗಲ ಮೇಲೆ ಕೈಯಿಟ್ಟರು. ಬೆರಳುಗಳು ಕತ್ತಿನ ಬಳಿ ನಿಂತವು. "ಅಯ್ಯೋ, ಕಲ್ಲಾಗಿದೆಯಲ್ಲ! ಏನು ಕೆಲಸ ಮಾಡ್ತೀಯ?"

"ಕತ್ತರಿಸೋ ಕೆಲಸ."

"ಎಷ್ಟು ವರ್ಷದಿಂದ?"

ತೊಗಾಶಿ ಅಳತೊಡಗಿದರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಕುಜುಮಿ ಅವರ ಕತ್ತು ಒತ್ತುತ್ತಾ ಕೂತರು.

ವಾಪಸು ಬರುವಾಗ ಬಸ್ಸಿನಲ್ಲಿ ತೊಗಾಶಿ ಒಂದೇ ಮಾತು ಆಡಿದರು: "ನಾಡಿದ್ದು ಅವರು ಕೆಲಸಕ್ಕೆ ಹೋಗೋ ದಿನ." ಸೀದಾ ಕಚೇರಿಗೆ ಬಂದು ಕೋಟು ಬಿಚ್ಚದೆ ಯಂತ್ರದ ಮುಂದೆ ಕೂತರು. ಅರ್ಧ ಗಂಟೆಯಲ್ಲಿ ಹೊಸ ಆ್ಯಪ್ ಬಸ್ ಕಂಪನಿಗೆ ಹೋಯಿತು.

ಮರುದಿನ ಬೆಳಿಗ್ಗೆ ಕುರಾತ ಫೋನ್ ತೆರೆದು ಹೊಸ ಆ್ಯಪ್ ನೋಡಿದರು. ‘ಕುಜುಮಿ ಮನೆ ಮುಂದೆ’ ತನ್ನ ಜಾಗದಲ್ಲಿತ್ತು. ಮೊದಲನೇ ಪರದೆ ಖಾಲಿಯಿತ್ತು.

"ತೊಗಾಶಿ ಸಾನ್! ಸಂಸ್ಥೆ ಹೆಸರೆಲ್ಲಿ?"

ತೊಗಾಶಿ ಕತ್ತಿನ ಪಟ್ಟಿ ಕಿತ್ತು ಕಸದ ಬುಟ್ಟಿಗೆ ಹಾಕಿದರು.

"ಅಲ್ಲಿ ಯಾರೂ ಹತ್ತಲ್ಲ ಸಾರ್. ತೆಗೆದೆ."